ಕೆಚ್ಚಲೊಳಗಿನ ಮಣಿಸರ

ಹಸು ಎಂದಿನಂತೆ ಮೇಯುತ್ತದೆ, ಮೆಲುಕು ಹಾಕುತ್ತದೆ, ಮೈಯಲ್ಲಿ ಜ್ವರವಿಲ್ಲ. ಆದರೆ ಹೊತ್ತಿಗೆ ಮೂರು ಲೀಟರ್ ಕೊಡುತ್ತಿದ್ದುದು ಎರಡೂವರೆಗೆ ಇಳಿಯುತ್ತದೆ. ಮುಂದಿನ ವಾರ ಎರಡೂಕಾಲು. ಮನೆಯವರು ಮೊದಲು ಹಿಂಡಿಯ ಮೇಲೆ ಸಂಶಯಪಡುತ್ತಾರೆ. ಆಮೇಲೆ ಹುಲ್ಲಿನ ಮೇಲೆ. ಕೊನೆಗೆ ನೆರೆಮನೆಯವರ ಕಣ್ಣಿನ ಮೇಲೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಗುತ್ತದೆ. ಹಾಲು ಮಾತ್ರ ಏರುವುದಿಲ್ಲ. ಡೇರಿಯ ಬಟವಾಡೆ ಹಣದಲ್ಲೇ ಮಕ್ಕಳ ಶಾಲೆಯ ಫೀಜು, ಪುಸ್ತಕ, ಬಸ್ ಪಾಸು ಎಲ್ಲ ನಡೆಯಬೇಕಾದ ಮನೆಗಳು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿವೆ. ಅಂಥ ಮನೆಗೆ ಹೊತ್ತಿಗೆ ಮುಕ್ಕಾಲು ಲೀಟರ್ ಎಂದರೆ ದಿನಕ್ಕೆ ಒಂದೂವರೆ ಲೀಟರ್, ತಿಂಗಳಿಗೆ 45 ಲೀಟರ್ ನಷ್ಟ. ಲೆಕ್ಕ ಮಾಡಿ ನೋಡಿದರೆ ಅದು ಸಣ್ಣ ಮಾತಲ್ಲ.

ಇದರ ಹಿಂದೆ ಇರಬಹುದಾದ ರೋಗದ ಹೆಸರು ರೈತರಿಗೆ ಹೊಸದೇನೂ ಅಲ್ಲ. ಕೆಚ್ಚಲು ಬಾವು. ಕೆಚ್ಚಲು ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಹಸು ಒದೆಯುವಂತಾಗಿ, ಹಾಲಿನಲ್ಲಿ ಹೆಪ್ಪು ಹೆಪ್ಪು ಕಾಣಿಸಿಕೊಂಡಾಗ ಅದನ್ನು ಯಾರೂ ಗುರುತಿಸುತ್ತಾರೆ. ಆದರೆ ಮೇಲೆ ಹೇಳಿದ ಹಸುವಿನಂತೆ ಹೊರಗೆ ಏನನ್ನೂ ತೋರಿಸದೆ ಒಳಗೊಳಗೇ ಹಾಲನ್ನು ಕದಿಯುವ ಬಾವೂ ಇದೆ. ಕಂಡದ್ದಕ್ಕಿಂತ ಈ ಕಾಣದ ಬಾವೇ ಹೆಚ್ಚು ಹಸುಗಳಲ್ಲಿರುತ್ತದೆ. ಅನೇಕ ಬಗೆಯ ಸೂಕ್ಷ್ಮಜೀವಿಗಳು ಇದನ್ನು ತರಬಲ್ಲವು. ಅವುಗಳಲ್ಲಿ ಒಂದು ಕುಲ ಮಾತ್ರ ಹಸುವಿನ ಕೆಚ್ಚಲಿನಲ್ಲಿ, ಕುದುರೆಯ ಗಂಟಲಿನಲ್ಲಿ, ಹಂದಿಯ ಮಿದುಳಿನ ಪೊರೆಯಲ್ಲಿ, ಕೆರೆಯ ಮೀನಿನಲ್ಲಿ, ಶಾಲೆಗೆ ಹೋಗುವ ಮಕ್ಕಳ ಗಂಟಲಿನಲ್ಲಿ, ಹೀಗೆ ಎಲ್ಲೆಲ್ಲೂ ತನ್ನ ಕೈಚಳಕ ತೋರಿಸುತ್ತದೆ. ಅದೇ ಸ್ಟ್ರೆಪ್ಟೊಕಾಕಸ್.

ಹೆಸರು ನಾಲಿಗೆಗೆ ತೊಡಕು, ಅರ್ಥ ಸರಳ. ಗ್ರೀಕ್ ಭಾಷೆಯಲ್ಲಿ ‘ಸ್ಟ್ರೆಪ್ಟೋಸ್’ ಎಂದರೆ ತಿರುಚಿದ್ದು, ಹೊಸೆದ ಸರದಂಥದ್ದು. ‘ಕೊಕ್ಕೋಸ್’ ಎಂದರೆ ಕಾಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಡುಗುಂಡಾದ ಮಣಿಗಳನ್ನು ದಾರದಲ್ಲಿ ಪೋಣಿಸಿದಂತೆ ಕಾಣುತ್ತದೆ. ಒಂದೊಂದು ಮಣಿಯೂ ಒಂದೊಂದು ಜೀವಿ. ಸುಮಾರು ಒಂದು ಸಾವಿರ ಮಣಿಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಒಂದು ಮಣಿ ಎರಡಾಗಿ ಸೀಳಿದ ಮೇಲೂ ಅವು ಬೇರೆಯಾಗದೆ ಅಂಟಿಕೊಂಡೇ ಇರುತ್ತವೆ; ಮತ್ತೆ ಸೀಳುವಾಗಲೂ ಅದೇ ದಿಕ್ಕಿನಲ್ಲಿ ಸೀಳುತ್ತವೆ. ಆದ್ದರಿಂದಲೇ ಸರ. ಈ ಹೆಸರನ್ನು 1874ರಲ್ಲಿ ಬಳಕೆಗೆ ತಂದವನು ವಿಯೆನ್ನಾದ ಶಸ್ತ್ರವೈದ್ಯ ಥಿಯೊಡೋರ್ ಬಿಲ್‌ರೋಟ್. ಐದು ವರ್ಷಗಳ ನಂತರ, 1879ರಲ್ಲಿ, ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯಲ್ಲಿ ಬಾಣಂತಿ ಜ್ವರದ ಕಾರಣಗಳ ಬಗ್ಗೆ ಯಾರೋ ಭಾಷಣ ಮಾಡುತ್ತಿದ್ದಾಗ ಲೂಯಿ ಪಾಸ್ಚರ್ ನಡುವೆಯೇ ಎದ್ದು, ಕಪ್ಪು ಹಲಗೆಯ ಬಳಿ ಹೋಗಿ ಮಣಿಸರದ ಚಿತ್ರ ಬರೆದು, ಬಾಣಂತಿಯರನ್ನು ಕೊಲ್ಲುತ್ತಿರುವುದು ಇದೇ ಎಂದು ತೋರಿಸಿದ್ದು ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧ ಪ್ರಸಂಗ. ವೈದ್ಯರ ಕೈಗಳೇ ಆ ಜ್ವರವನ್ನು ಒಬ್ಬ ಬಾಣಂತಿಯಿಂದ ಇನ್ನೊಬ್ಬಳಿಗೆ ಸಾಗಿಸುತ್ತಿದ್ದವು. ಅದೇ ವಿಯೆನ್ನಾದಲ್ಲಿ 1847ರಷ್ಟು ಹಿಂದೆಯೇ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಕೈ ತೊಳೆದುಕೊಳ್ಳಿ ಎಂದು ಸಹೋದ್ಯೋಗಿಗಳಿಗೆ ಹೇಳಿ ಅವರ ವೈರ ಕಟ್ಟಿಕೊಂಡಿದ್ದ.

ಕೈಗಳ ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಕೊಟ್ಟಿಗೆಗೆ ಬರೋಣ. 1887ರಲ್ಲಿ ಫ್ರಾನ್ಸಿನ ಪಶುವೈದ್ಯ ಎಡ್ಮಂಡ್ ನೊಕಾರ್ ಹಾಗೂ ಅವನ ಜೊತೆಗಾರ ಮೊಲ್ಲರೋ, ಬಾವು ಬಂದ ಹಸುಗಳ ಹಾಲಿನಲ್ಲಿ ಇಂಥದೇ ಮಣಿಸರವಿದೆ ಎಂದು ವರದಿ ಮಾಡಿದರು. ಅದಕ್ಕೆ ಮುಂದೆ ‘ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ’ ಎಂಬ ಹೆಸರು ಬಂತು. ಗ್ರೀಕ್‌ನಲ್ಲಿ ‘ಗಲಾ’ ಎಂದರೆ ಹಾಲು. ಮುಂದಿರುವ ‘ಅ’ ನಮ್ಮ ‘ಅಸಾಧ್ಯ’, ‘ಅಶಕ್ತ’ಗಳ ‘ಅ’ಕಾರದ ಅಣ್ಣನೇ. ಹಾಲಿಲ್ಲದಂತೆ ಮಾಡುವುದು ಎಂದರ್ಥ. ರೋಗಾಣುವಿಗೆ ಇಷ್ಟು ಒಪ್ಪುವ ಹೆಸರು ಸಿಕ್ಕಿರುವುದು ಅಪರೂಪ.

ಅದು ಹಾಲನ್ನು ಹೇಗೆ ಇಲ್ಲದಂತೆ ಮಾಡುತ್ತದೆ ಎಂದು ತಿಳಿಯಲು ಕೆಚ್ಚಲಿನ ರಚನೆಯನ್ನು ತಿಳಿಯಬೇಕು. ಹೊರಗಿನಿಂದ ಒಂದೇ ಚೀಲದಂತೆ ಕಂಡರೂ ಹಸುವಿನ ಕೆಚ್ಚಲು ನಾಲ್ಕು ಬೇರೆಬೇರೆ ಗ್ರಂಥಿಗಳ ಜೋಡಣೆ. ಒಂದರ ಹಾಲು ಇನ್ನೊಂದಕ್ಕೆ ಹೋಗಲು ಒಳಗೆ ದಾರಿಯಿಲ್ಲ. ಒಂದು ಮೊಲೆಯ ಹಾಲು ಕೆಟ್ಟು ಉಳಿದ ಮೂರು ಚೆನ್ನಾಗಿರುವುದು ಇದರಿಂದಲೇ. ಪ್ರತಿ ಮೊಲೆಯ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಉದ್ದದ ಕಿರುಕಾಲುವೆ. ಅದನ್ನು ಬಿಗಿಯಾಗಿ ಮುಚ್ಚಿಡಲು ಉಂಗುರದಂಥ ಸ್ನಾಯು. ಒಳಗೋಡೆಗೆ ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್ನಿನ ಲೇಪ. ಹೊರಗಿನ ಲೋಕಕ್ಕೂ ಒಳಗಿನ ಹಾಲಿಗೂ ನಡುವೆ ಇರುವುದು ಈ ಒಂದು ಸೆಂಟಿಮೀಟರ್ ಬಾಗಿಲು ಮಾತ್ರ. ಹಾಲು ಕರೆದ ಕೂಡಲೇ ಈ ಬಾಗಿಲು ಮುಚ್ಚುವುದಿಲ್ಲ; ಅರ್ಧ ಗಂಟೆಯೋ ಒಂದು ಗಂಟೆಯೋ ಸಡಿಲವಾಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ಬಾಗಿಲು ತೆರೆದಿಟ್ಟು ಕಳ್ಳನನ್ನು ಕರೆದಂತೆ. ಹಾಲು ಕರೆದಾದ ಮೇಲೆ ಹಸುವಿಗೆ ಹುಲ್ಲು ಹಾಕಿ ನಿಂತಿರುವಂತೆ ಮಾಡಬೇಕು ಎನ್ನುವುದರ ಮರ್ಮ ಇದು.

ಒಳಗೆ ಹೊಕ್ಕ ಮಣಿಸರಕ್ಕೆ ಅದು ಸ್ವರ್ಗ. ಬೆಚ್ಚಗಿದೆ, ಆಹಾರವಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆದು ತಿನ್ನಲು ಬೇಕಾದ ಜೀನ್‌ಗಳ ಒಂದು ವಿಶೇಷ ಗುಂಪು ಹಸುವಿನಲ್ಲಿ ಬದುಕುವ ತಳಿಗಳಲ್ಲಿದೆ; ಮನುಷ್ಯನಲ್ಲಿ ಬದುಕುವ ಅದೇ ಜಾತಿಯ ತಳಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಇದ್ದಲ್ಲಿಗೆ ತಕ್ಕ ಬುತ್ತಿ ಎನ್ನಿ. ಹಸುವಿನ ರಕ್ತದಿಂದ ಬಿಳಿ ಕಣಗಳು ದಂಡು ಕಟ್ಟಿಕೊಂಡು ಕೆಚ್ಚಲಿಗೆ ಬರುತ್ತವೆ. ಯುದ್ಧ ನಡೆಯುತ್ತದೆ. ಆದರೆ ಯುದ್ಧ ನಡೆದ ಊರಿನ ಗತಿ ಏನಾಗುತ್ತದೆ? ಹಾಲು ಸುರಿಸುವ ನವಿರಾದ ಜೀವಕೋಶಗಳು ಹಾಳಾಗಿ, ಆ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ನಾರಿನಿಂದ ಹಾಲು ಬರುವುದಿಲ್ಲ. ಮುಂದಿನ ಸೂಲಿನಲ್ಲೂ ಆ ಭಾಗ ಮೊದಲಿನಷ್ಟು ಹಾಲು ಕೊಡದೇ ಹೋಗಬಹುದು. ಹಸು ಸಾಯುವುದಿಲ್ಲ ನಿಜ. ಆದರೆ ಮೂರೇ ಮೊಲೆಯ ಹಸುವನ್ನು ಸಂತೆಯಲ್ಲಿ ಕೇಳುವವರಾರು?

ಇದು ಒಂದು ಹಸುವಿನಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಹಾರಿ ಹೋಗುವುದಿಲ್ಲ. ಹಾಲು ಕರೆಯುವ ಕೈಯೇ ಇದರ ಮುಖ್ಯ ವಾಹನ. ಒಂದು ಹಸುವಿನ ಹಾಲು ಕರೆದ ಒದ್ದೆ ಕೈಯಲ್ಲೇ ಮುಂದಿನ ಹಸುವಿನ ಬಳಿ ಕೂರುವುದು, ಎಲ್ಲ ಹಸುಗಳ ಕೆಚ್ಚಲನ್ನೂ ಒಂದೇ ಬಟ್ಟೆಯಲ್ಲಿ ಒರೆಸುವುದು, ಮೊದಲ ಧಾರೆಯನ್ನು ಅಂಗೈಗೆ ಹಿಂಡಿ ಆ ಹಾಲನ್ನೇ ಮೊಲೆಗೆ ಸವರಿಕೊಳ್ಳುವುದು ಇವೆಲ್ಲ ಮಣಿಸರಕ್ಕೆ ಕೊಟ್ಟ ಉಚಿತ ಪ್ರಯಾಣದ ಪಾಸುಗಳು. ಹೆಬ್ಬೆರಳನ್ನು ಮಡಚಿ, ಗೆಣ್ಣಿನಿಂದ ಮೊಲೆಯನ್ನು ಒತ್ತಿ ಎಳೆಯುವ ಅಭ್ಯಾಸ ನಮ್ಮಲ್ಲಿ ಬಹಳ ಕಡೆ ಇದೆ. ಇದರಿಂದ ಒಳಗೋಡೆಗೆ ಪೆಟ್ಟಾಗುತ್ತದೆ, ಆ ಪೆಟ್ಟಾದ ಜಾಗ ರೋಗಾಣುವಿಗೆ ಮಣೆ ಹಾಕುತ್ತದೆ. ಐದು ಬೆರಳಿನಿಂದ ಮುಷ್ಟಿ ಹಿಡಿದು ಕರೆಯುವುದೇ ಸರಿಯಾದ ಕ್ರಮ. ಯಂತ್ರದಿಂದ ಕರೆದರೆ ಈ ತೊಂದರೆ ಇಲ್ಲ ಎಂದುಕೊಳ್ಳುವವರಿದ್ದಾರೆ. ತೊಳೆಯದ ಯಂತ್ರ ತೊಳೆಯದ ಕೈಗಿಂತ ವಾಸಿಯೇನಲ್ಲ.

ಇದೇ ಕುಲದ ‘ಯೂಬರಿಸ್’ ಎಂಬ ಇನ್ನೊಂದು ಜಾತಿ ಕೈಗಿಂತ ಹೆಚ್ಚಾಗಿ ಕೊಟ್ಟಿಗೆಯ ನೆಲ, ಸಗಣಿ, ಕೆಳಗೆ ಹಾಸಿದ ಹುಲ್ಲುಗಳಿಂದ ಬರುತ್ತದೆ. ಬಂದಾಗ ಜ್ವರ, ಊತ ಜೋರಾಗಿರಬಹುದು. ಅಗಲಾಕ್ಟಿಯೆ ಕೆಚ್ಚಲು ಬಿಟ್ಟರೆ ಬೇರೆಲ್ಲೂ ಬದುಕದು ಎಂದು ಪುಸ್ತಕಗಳಲ್ಲಿ ಬಹುಕಾಲ ಬರೆಯುತ್ತ ಬಂದಿದ್ದರು. ಇತ್ತೀಚೆಗೆ ನಾರ್ವೆ ದೇಶದ ಸಂಶೋಧಕರು ಅದನ್ನು ಕೊಟ್ಟಿಗೆಯ ಪರಿಸರದಲ್ಲಿ, ಹಸುಗಳ ಕರುಳಿನಲ್ಲೂ ಕಂಡಿದ್ದಾರೆ.

ಕಾಣದ ಬಾವನ್ನು ಕಾಣುವುದು ಹೇಗೆ? ಇಲ್ಲಿ ಒಂದು ಸೊಗಸಾದ ಪ್ರಯೋಗವಿದೆ. ಹಸುವಿರುವ ಮನೆಯ ವಿದ್ಯಾರ್ಥಿಗಳು ಹಿರಿಯರೊಂದಿಗೆ ಸೇರಿ ಮಾಡಬಹುದು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಹಾಕಿ ಕರಗಿಸಿ. ಶೇಕಡಾ ಮೂರರ ದ್ರಾವಣ ಸಿದ್ಧವಾಯಿತು. ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಪಾತ್ರೆಗೆ ಹಿಂಡಿ ಬಿಟ್ಟು, ಆಮೇಲಿನ ಹಾಲನ್ನು ನಾಲ್ಕು ಮೊಲೆಗಳಿಂದ ನಾಲ್ಕು ಬೇರೆಬೇರೆ ಬಟ್ಟಲುಗಳಿಗೆ ಎರಡೆರಡು ಚಮಚದಷ್ಟು ತೆಗೆದುಕೊಳ್ಳಬೇಕು. ಯಾವ ಬಟ್ಟಲು ಯಾವ ಮೊಲೆಯದು ಎಂಬ ಗುರುತಿರಲಿ. ಪ್ರತಿ ಬಟ್ಟಲಿಗೂ ಹಾಲಿನಷ್ಟೇ ದ್ರಾವಣ ಹಾಕಿ, ಅರ್ಧ ನಿಮಿಷ ಮೆಲ್ಲಗೆ ಸುತ್ತಿಸಿ ಆಡಿಸಬೇಕು. ಒಳ್ಳೆಯ ಹಾಲು ನೀರಾಗಿಯೇ ಇರುತ್ತದೆ. ಬಾವಿರುವ ಮೊಲೆಯ ಹಾಲು ಗಂಜಿಯಂತೆ ಮಂದವಾಗುತ್ತದೆ; ಬಾವು ಹೆಚ್ಚಿದ್ದರೆ ಲೋಳೆಸರದ ತಿರುಳಿನಂತೆ ಗಟ್ಟಿ ಲೋಳೆಯಾಗಿ ಬಟ್ಟಲನ್ನು ವಾಲಿಸಿದರೆ ಒಟ್ಟಾಗಿ ಜಾರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಶಾಲ್ಮ್ ಮತ್ತು ನೂರ್‌ಲ್ಯಾಂಡರ್ ಎಂಬಿಬ್ಬರು 1957ರಲ್ಲಿ ಪ್ರಕಟಿಸಿದ ಪರೀಕ್ಷೆಯ ಅಡುಗೆಮನೆ ಆವೃತ್ತಿ ಇದು. ಪಶುವೈದ್ಯರ ಚೀಲದಲ್ಲಿ ಈಗಲೂ ಅದರ ನಾಲ್ಕು ಗುಳಿಯ ತಟ್ಟೆ ಇರುತ್ತದೆ.

ಲೋಳೆ ಎಲ್ಲಿಂದ ಬಂತು? ಹಾಲಿನಿಂದಲ್ಲ, ಸೋಪಿನಿಂದಲೂ ಅಲ್ಲ. ಯುದ್ಧಕ್ಕೆ ಬಂದ ಬಿಳಿ ಕಣಗಳಿಂದ. ಆರೋಗ್ಯವಂತ ಹಸುವಿನ ಒಂದು ಮಿಲಿಲೀಟರ್ ಹಾಲಿನಲ್ಲಿ ಜೀವಕೋಶಗಳು ಒಂದು ಲಕ್ಷಕ್ಕಿಂತ ಕಡಿಮೆ ಇರುತ್ತವೆ. ಎರಡು ಲಕ್ಷ ದಾಟಿದರೆ ಒಳಗೆ ಏನೋ ನಡೆದಿದೆ ಎಂದರ್ಥ. ಬಾವು ಬಲವಾದಾಗ ಹತ್ತು ಲಕ್ಷವನ್ನೂ ಮೀರುತ್ತವೆ. ಜೀವಕೋಶದ ಹೊರಪೊರೆಯಲ್ಲಿ ಕೊಬ್ಬು ಇದೆ. ಜಿಡ್ಡಿನ ಪಾತ್ರೆಯನ್ನು ತೊಳೆದಂತೆ ಡಿಟರ್ಜೆಂಟ್ ಆ ಪೊರೆಯನ್ನು ಕರಗಿಸಿಬಿಡುತ್ತದೆ. ಒಳಗೆ ಮಡಚಿಟ್ಟಿದ್ದ ಡಿಎನ್‌ಎ ದಾರ ಹೊರಗೆ ಬಿಚ್ಚಿಕೊಳ್ಳುತ್ತದೆ. ಹಸುವಿನ ಒಂದು ಜೀವಕೋಶದಲ್ಲಿ ಈ ದಾರ ಒಟ್ಟು ಎರಡು ಮೀಟರಿಗೆ ಸ್ವಲ್ಪ ಕಡಿಮೆ ಉದ್ದವಿದೆ. ಹತ್ತು ಲಕ್ಷ ಕೋಶಗಳ ದಾರವನ್ನು ತುದಿಗೆ ತುದಿ ಸೇರಿಸಿದರೆ ಸುಮಾರು 1,800 ಕಿಲೋಮೀಟರ್! ಬೆಂಗಳೂರಿನಿಂದ ದಿಲ್ಲಿಗೆ ವಿಮಾನ ಹಾರುವಷ್ಟು ದೂರದ ದಾರ ಒಂದೇ ಒಂದು ಮಿಲಿಲೀಟರ್ ಹಾಲಿನಲ್ಲಿ ಸಿಕ್ಕುಸಿಕ್ಕಾಗಿ ಹೆಣೆದುಕೊಂಡರೆ ಲೋಳೆಯಾಗದೆ ಇನ್ನೇನಾದೀತು? ಶಾಲೆಯ ಪ್ರಯೋಗಾಲಯದಲ್ಲಿ ಬಾಳೆಹಣ್ಣನ್ನೋ ಈರುಳ್ಳಿಯನ್ನೋ ಅರೆದು, ಸೋಪಿನ ನೀರು ಹಾಕಿ ಡಿಎನ್‌ಎ ತೆಗೆದು ತೋರಿಸುವುದೂ ಇದೇ ಸೂತ್ರದಿಂದ.

ಎರಡು ಎಚ್ಚರಿಕೆಗಳು. ಕರು ಹಾಕಿದ ಮೊದಲ ದಿನಗಳ ಗಿಣ್ಣುಹಾಲಿನಲ್ಲೂ, ಹಾಲು ಬತ್ತುತ್ತ ಬಂದ ಕೊನೆಯ ದಿನಗಳಲ್ಲೂ ಜೀವಕೋಶಗಳು ಸಹಜವಾಗಿಯೇ ಹೆಚ್ಚಿರುವುದರಿಂದ ರೋಗವಿಲ್ಲದೆಯೂ ಲೋಳೆ ಕಂಡೀತು. ಮತ್ತೆ, ಈ ಪರೀಕ್ಷೆ ಯುದ್ಧ ನಡೆದಿದೆ ಎಂದು ಹೇಳುತ್ತದೆಯೇ ಹೊರತು ಶತ್ರು ಯಾರು ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಿ ರೋಗಾಣುವನ್ನು ಬೆಳೆಸಿಯೇ ನೋಡಬೇಕು. ಪರೀಕ್ಷೆ ಮಾಡಿದ ಹಾಲನ್ನು ನಾಯಿ ಬೆಕ್ಕಿಗೂ ಇಡದೆ ಚೆಲ್ಲಿ, ಬಟ್ಟಲುಗಳನ್ನು ಚೆನ್ನಾಗಿ ತೊಳೆದಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಶತ್ರುವನ್ನು ಗುರುತಿಸುವ ಕೆಲಸದಲ್ಲಿ ಒಬ್ಬ ಮಹಿಳೆಯ ಹೆಸರು ಚಿರಸ್ಥಾಯಿ. ನ್ಯೂಯಾರ್ಕಿನ ರಾಕಫೆಲರ್ ಸಂಸ್ಥೆಯ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್. ಸೂಕ್ಷ್ಮದರ್ಶಕದಲ್ಲಿ ಎಲ್ಲ ಮಣಿಸರಗಳೂ ಒಂದೇ ಥರ ಕಾಣುತ್ತವೆ. ಯಾವುದು ಕೊಲ್ಲುವುದು, ಯಾವುದು ಸಾಧು ಎಂದು ಹೇಳುವುದು ಹೇಗೆ? ಈಕೆ ರೋಗಾಣುಗಳನ್ನು ಆಮ್ಲದಲ್ಲಿ ಕಾಯಿಸಿ, ಅವುಗಳ ಹೊರಗೋಡೆಯ ಸಕ್ಕರೆಯಂಥ ವಸ್ತುವನ್ನು ಬಿಡಿಸಿ, ಪ್ರತಿಕಾಯಗಳಿರುವ ರಕ್ತದ್ರವದೊಂದಿಗೆ ಬೆರೆಸಿ ನೋಡಿದರು. ಹೊಂದಿಕೆಯಾದರೆ ಬಿಳಿಯ ಗಸಿ ಕಾಣಿಸುತ್ತಿತ್ತು. 1933ರಲ್ಲಿ ಹೀಗೆ ಅವನ್ನು ‘ಎ’, ‘ಬಿ’, ‘ಸಿ’ ಮುಂತಾದ ಗುಂಪುಗಳಾಗಿ ವಿಂಗಡಿಸಿದರು. ರೋಗಿಗಳಿಂದ ತೆಗೆದವು ಬಹುಪಾಲು ‘ಎ’ ಗುಂಪಿಗೆ ಸೇರಿದವು. ಹಸುವಿನ ಹಾಲಿನಿಂದ ತೆಗೆದ ನಮ್ಮ ಅಗಲಾಕ್ಟಿಯೆ ‘ಬಿ’ ಗುಂಪಿಗೆ. ಅಂದರೆ ಗಂಟಲು ನೋವು ತರುವ ಮನುಷ್ಯನ ಶತ್ರು ಬೇರೆ, ಕೆಚ್ಚಲಿನ ಶತ್ರು ಬೇರೆ. ಅಡ್ಡಗೋಡೆ ಎದ್ದಂತಾಯಿತು.

ಗೋಡೆ ಅಷ್ಟೇನೂ ಗಟ್ಟಿಯಲ್ಲ ಎನ್ನುವುದಕ್ಕೆ ಆ ಹೊತ್ತಿಗಾಗಲೇ ಸಾಕ್ಷ್ಯವಿತ್ತು. 1911ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸುತ್ತಮುತ್ತ ಸಾವಿರಕ್ಕೂ ಹೆಚ್ಚು ಜನ ಒಮ್ಮೆಗೇ ಉಗ್ರವಾದ ಗಂಟಲು ಬೇನೆಯಿಂದ ಮಲಗಿದರು, ಹಲವರು ಸತ್ತರು. ವಿಚಾರಿಸುತ್ತ ಹೋದರೆ ಆ ಮನೆಗಳಲ್ಲಿ ಬಹುಪಾಲು ಒಂದೇ ಡೇರಿಯ ಹಾಲು ಕೊಳ್ಳುತ್ತಿದ್ದವು. ಶಿಕಾಗೋದಲ್ಲೂ ಅದರ ನಂತರದ ಚಳಿಗಾಲದಲ್ಲಿ ಇಂಥದೇ ಪಿಡುಗು ಎದ್ದಿತು. ಮುಂದೆ ನಡೆಸಿದ ಪ್ರಯೋಗಗಳಲ್ಲಿ ತಿಳಿದದ್ದೇನೆಂದರೆ, ಮನುಷ್ಯನ ಗಂಟಲಿನ ಮಣಿಸರ ಗಾಯವಾದ ಮೊಲೆಯ ಮೂಲಕ ಕೆಚ್ಚಲಿಗೆ ಇಳಿದು ಅಲ್ಲೇ ಸಂಸಾರ ಹೂಡಬಲ್ಲದು. ಗಂಟಲು ನೋವಿದ್ದ ಒಬ್ಬ ಮನುಷ್ಯ, ಒಂದು ಹಸು, ಒಂದು ದೊಡ್ಡ ಹಾಲಿನ ತೊಟ್ಟಿ. ಅಷ್ಟಿದ್ದರೆ ಒಂದು ಊರನ್ನೇ ಮಲಗಿಸಬಹುದು. ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ 15 ಸೆಕೆಂಡ್ ಇಟ್ಟರೆ ಈ ರೋಗಾಣು ಸಾಯುತ್ತದೆ. ಹಾಲನ್ನು ಉಕ್ಕಿಸಿಯೇ ಕುಡಿಯುವ ನಮ್ಮ ಅಜ್ಜಿಯರ ಪದ್ಧತಿ ಇದಕ್ಕಿಂತಲೂ ಬಿಗಿ. ಹಸಿ ಹಾಲು ಮೈಗೆ ಒಳ್ಳೆಯದು, ನೊರೆಹಾಲಿನಲ್ಲಿ ಶಕ್ತಿ ಹೆಚ್ಚು ಎಂಬ ಮಾತು ಈಚೆಗೆ ಪಟ್ಟಣಗಳಲ್ಲಿ ಮತ್ತೆ ಕೇಳಿಬರುತ್ತಿದೆ. ಅಜ್ಜಿಯರನ್ನು ನಂಬುವುದೇ ಮೇಲು.

ಅತ್ತ ‘ಬಿ’ ಗುಂಪೂ ಸುಮ್ಮನಿರಲಿಲ್ಲ. 1938ರಲ್ಲಿ ಲಂಡನ್ನಿನಲ್ಲಿ ಮೂವರು ಬಾಣಂತಿಯರು ಇದೇ ಗುಂಪಿನ ಸೋಂಕಿನಿಂದ ಸತ್ತ ವರದಿ ಬಂತು. 1970ರ ದಶಕದ ಹೊತ್ತಿಗೆ ಅನೇಕ ದೇಶಗಳಲ್ಲಿ ನವಜಾತ ಶಿಶುಗಳ ರಕ್ತ ನಂಜಿಗೆ, ಮಿದುಳು ಪೊರೆಯ ಉರಿಯೂತಕ್ಕೆ ಇದೇ ಮುಖ್ಯ ಕಾರಣವಾಗಿತ್ತು. ತಾಯಂದಿರು ಗಾಬರಿಯಾಗಬೇಕಿಲ್ಲ, ಆ ಶಿಶುಗಳಿಗೆ ಸೋಂಕು ಬರುವುದು ಹಸುವಿನಿಂದಲ್ಲ, ಹೆರಿಗೆಯ ವೇಳೆಯಲ್ಲಿ ತಾಯಿಯ ಮೈಯಿಂದ. ಹೆರಿಗೆಯ ಹೊತ್ತಿನಲ್ಲಿ ತಾಯಿಗೆ ಪ್ರತಿಜೈವಿಕ ಕೊಟ್ಟು ಅದನ್ನು ತಡೆಯುವ ಕ್ರಮ ಈಗ ಇದೆ. ಮನುಷ್ಯರಲ್ಲಿ ಇದ್ದಕ್ಕಿದ್ದಂತೆ ಇದು ಏಕೆ ಹೆಚ್ಚಿತು? 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ 1948ರಿಂದ ಟೆಟ್ರಾಸೈಕ್ಲಿನ್ ಔಷಧವನ್ನು ಎಗ್ಗಿಲ್ಲದೆ ಬಳಸಿದ್ದರಿಂದ, ಆ ಔಷಧಕ್ಕೆ ಬಗ್ಗದ ಕೆಲವೇ ತಳಿಗಳು ಉಳಿದು ಮನುಷ್ಯರಲ್ಲಿ ಹರಡಿಕೊಂಡವು.

ಹಸುವನ್ನು ಬಿಟ್ಟು ಬೇರೆ ಪ್ರಾಣಿಗಳ ಕಡೆ ನೋಡಿದರೆ ಮಣಿಸರದ ಉಗ್ರರೂಪ ಕಾಣುತ್ತದೆ. ಕುದುರೆಗಳಿಗೆ ಬರುವ ‘ಸ್ಟ್ರ್ಯಾಂಗಲ್ಸ್’ ರೋಗದಲ್ಲಿ ದವಡೆಯ ಕೆಳಗಿನ ಗಂಟುಗಳು ಊದಿ, ಉಸಿರು ಕಟ್ಟಿ, ಕೊನೆಗೆ ಒಡೆದು ಕೀವು ಸುರಿಯುತ್ತದೆ. 13ನೇ ಶತಮಾನದ ಇಟಲಿಯಲ್ಲಿ ಚಕ್ರವರ್ತಿಯ ಲಾಯದ ಮೇಲ್ವಿಚಾರಕ ಜೋರ್ಡಾನಸ್ ರುಫುಸ್ ಎಂಬವನೇ ಇದನ್ನು ಬರೆದಿಟ್ಟಿದ್ದಾನೆ. ವಾಸಿಯಾದಂತೆ ಕಾಣುವ ಕೆಲವು ಕುದುರೆಗಳು ಗಂಟಲಿನ ಬಳಿಯ ಗಾಳಿಚೀಲದಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡು ಹೊಸ ಲಾಯಕ್ಕೆ ಒಯ್ಯುತ್ತವೆ.

ಹಂದಿಗಳಲ್ಲಿ ‘ಸ್ಟ್ರೆಪ್ಟೊಕಾಕಸ್ ಸುಯಿಸ್’ ಗಂಟಲಿನಲ್ಲಿ ತೆಪ್ಪಗೆ ಬದುಕಿಕೊಂಡಿರುತ್ತದೆ. ಕೆರಳಿದಾಗ ಮಿದುಳಿನ ಪೊರೆಗೆ, ಕೀಲುಗಳಿಗೆ ಏರುತ್ತದೆ. 2005ರ ಬೇಸಿಗೆಯಲ್ಲಿ ಚೀನದ ಸಿಚುವಾನ್ ಪ್ರಾಂತದಲ್ಲಿ 200ಕ್ಕೂ ಹೆಚ್ಚು ಜನರಿಗೆ ಈ ರೋಗ ತಗುಲಿ 38 ಮಂದಿ ಸತ್ತರು. ಬಹುಪಾಲು ಅವರು ಬಡ ರೈತರು. ಕಾಯಿಲೆ ಬಿದ್ದ ಹಂದಿ ಹೇಗೂ ಸಾಯುತ್ತದೆ, ಮಾಂಸವಾದರೂ ದಕ್ಕಲಿ ಎಂದು ಹಿತ್ತಲಿನಲ್ಲೇ ಕೊಯ್ದವರು. ಬರಿಗೈಯ ಒಂದು ಸಣ್ಣ ಗೀರು ಸಾಕಾಗಿತ್ತು. ಈ ರೋಗಾಣುವಿನಿಂದ ಮಿದುಳು ಪೊರೆಯ ಉರಿಯೂತವಾಗಿ ಬದುಕಿ ಉಳಿದವರಲ್ಲೂ ಅನೇಕರಿಗೆ ಕಿವಿ ಕೇಳಿಸದಂತಾಗುತ್ತದೆ. ರೋಗ ಬಂದು ಸತ್ತ ಪ್ರಾಣಿಯನ್ನು ಕೊಯ್ಯಬೇಡಿ, ಆಳವಾಗಿ ಹೂಳಿ ಎಂದು ಪಶುವೈದ್ಯರು ಒತ್ತಿ ಹೇಳುವಾಗ ಅವರ ಮನಸ್ಸಿನಲ್ಲಿರುವುದು ಇಂಥ ಪ್ರಸಂಗಗಳೇ. ಆದರೆ ಒಂದು ಹಂದಿಯೇ ವರ್ಷದ ಉಳಿತಾಯವಾಗಿರುವ ಮನೆಗೆ ಪರಿಹಾರದ ಹಣ ಕೊಡದೆ ಹೂಳು ಎಂದಷ್ಟೇ ಹೇಳುವುದು ಅರ್ಧ ವೈದ್ಯ ಎನ್ನಬೇಕು.

ಕೆಚ್ಚಲಿನ ಅಗಲಾಕ್ಟಿಯೆ ಮೀನುಗಳಲ್ಲೂ ಇದೆ ಎಂದರೆ ಆಶ್ಚರ್ಯವಾದೀತು. ತಿಲಾಪಿಯಾ ಸಾಕುವ ಕೊಳಗಳಲ್ಲಿ ಅದರ ಕೆಲವು ತಳಿಗಳು ಹೊಕ್ಕರೆ ಮೀನುಗಳ ಕಣ್ಣು ಉಬ್ಬಿ, ಗಿರಗಿರನೆ ಸುತ್ತಿ ಸಾಯುತ್ತವೆ. 2015ರಲ್ಲಿ ಸಿಂಗಪುರದಲ್ಲಿ ಹಸಿ ಸಿಹಿನೀರಿನ ಮೀನಿನ ಚೂರು ಹಾಕಿದ ಗಂಜಿ ತಿಂದ ಆರೋಗ್ಯವಂತ ಹಿರಿಯರೂ ರಕ್ತ ನಂಜಿನಿಂದ ಆಸ್ಪತ್ರೆ ಸೇರಿದಾಗ, ಅವರ ರಕ್ತದಲ್ಲಿ ಸಿಕ್ಕಿದ್ದು ಮೀನಿನಲ್ಲಿದ್ದ ಅದೇ ತಳಿ. ಸಿಂಗಪುರ ಸರ್ಕಾರ ಹೋಟೆಲುಗಳಲ್ಲಿ ಹಸಿ ಸಿಹಿನೀರು ಮೀನು ಬಡಿಸುವುದನ್ನೇ ನಿಲ್ಲಿಸಿತು.

ಮತ್ತೆ ಕೊಟ್ಟಿಗೆಗೆ. ಅಲ್ಲಿ ಹಸುವಿಗಿಂತ ಹೆಚ್ಚು ಅಪಾಯದಲ್ಲಿರುವುದು ಆಗತಾನೆ ಹುಟ್ಟಿದ ಕರು. ಹೊಕ್ಕುಳಬಳ್ಳಿಯ ಹಸಿ ತುದಿ ನೆಲದ ಕೊಳೆಗೆ ತಾಗಿದರೆ ಮಣಿಸರವೂ ಬೇರೆ ರೋಗಾಣುಗಳೂ ಅದರ ಮೂಲಕ ರಕ್ತ ಸೇರುತ್ತವೆ. ಮೊದಲು ಹೊಕ್ಕುಳು ಊದುತ್ತದೆ. ಕೆಲವು ದಿನಗಳಲ್ಲಿ ಮೊಣಕಾಲು ಊದಿ ಕರು ಕುಂಟುತ್ತದೆ. ಮಿದುಳಿಗೆ ಏರಿದರೆ ಉಳಿಯುವುದು ಕಷ್ಟ. ಇದನ್ನು ತಡೆಯಲು ಬೇಕಾದ್ದು ಒಂದು ಚಿಕ್ಕ ಸೀಸೆ ಟಿಂಚರ್ ಅಯೋಡಿನ್ ಮತ್ತು ಗಿಣ್ಣುಹಾಲು. ಹುಟ್ಟಿದ ಕೂಡಲೇ ಹೊಕ್ಕುಳ ತುದಿಯನ್ನು ಅಯೋಡಿನ್ನಿನಲ್ಲಿ ಅದ್ದಬೇಕು. ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಬೇಕು. ಕರು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿಯ ಪ್ರತಿಕಾಯಗಳು ಹೆಚ್ಚುಕಡಿಮೆ ಇರುವುದೇ ಇಲ್ಲ, ಗಿಣ್ಣಿನಿಂದಲೇ ಬರಬೇಕು. ಅವನ್ನು ಹೀರಿಕೊಳ್ಳುವ ಕರುಳಿನ ದಾರಿ ಸುಮಾರು ಒಂದು ದಿನದಲ್ಲಿ ಮುಚ್ಚಿಹೋಗುತ್ತದೆ. ಮಾಸು ಬಿದ್ದ ಮೇಲೆಯೇ ಗಿಣ್ಣು ಕುಡಿಸಬೇಕೆಂದು ಕರುವನ್ನು ಕಾಯಿಸುವ ರೂಢಿ ಇನ್ನೂ ಕೆಲವು ಕಡೆ ಇದೆ. ಕಾಯುವಷ್ಟು ಸಮಯ ಕರುವಿಗಿಲ್ಲ.

ಔಷಧದ ಮಾತಿಗೆ ಬಂದರೆ, ಕೆಚ್ಚಲಿನ ಅಗಲಾಕ್ಟಿಯೆಗೆ ಹಳೆಯ ಪೆನಿಸಿಲಿನ್ ಇಂದಿಗೂ ಬಹಳ ಮಟ್ಟಿಗೆ ನಾಟುತ್ತದೆ. ಆದರೆ ರೋಗಾಣು ಯಾವುದೆಂದು ತಿಳಿಯದೆ ಮೆಡಿಕಲ್ ಅಂಗಡಿಯಿಂದ ಕೈಗೆ ಸಿಕ್ಕ ಟ್ಯೂಬನ್ನು ತಂದು ಮೊಲೆಗೆ ಏರಿಸುವುದು, ಎರಡು ದಿನಕ್ಕೆ ಹಾಲು ಸರಿಯಾಯಿತೆಂದು ನಿಲ್ಲಿಸುವುದು ಅಪಾಯ. ಕಂಡ ಬಾವು ಕಾಣದ ಬಾವಾಗುತ್ತದೆ, ಅಷ್ಟೆ. ತಪ್ಪು ಔಷಧ ರೋಗವನ್ನೇ ಕೆರಳಿಸಬಹುದೆಂಬುದಕ್ಕೆ ನಾಯಿಗಳಿಂದ ಒಂದು ಪಾಠ ಸಿಕ್ಕಿದೆ. 1990ರ ದಶಕದಲ್ಲಿ ಕೆನಡಾದಲ್ಲಿ ನಾಯಿಗಳಿಗೆ ಮಾಂಸ ಕೊಳೆಯಿಸುವಂಥ ಉಗ್ರ ಸ್ಟ್ರೆಪ್ಟೊಕಾಕಸ್ ಸೋಂಕು ಬಂದಾಗ, ಎನ್ರೊಫ್ಲಾಕ್ಸಸಿನ್ ಎಂಬ ಔಷಧ ಕೊಟ್ಟವುಗಳಲ್ಲಿ ಪರಿಸ್ಥಿತಿ ಬಿಗಡಾಯಿಸಿದ್ದು ಕಂಡುಬಂತು. ಆ ಔಷಧ ರೋಗಾಣುವಿನೊಳಗೆ ಮಲಗಿದ್ದ ಒಂದು ವೈರಸ್ಸನ್ನು ಎಬ್ಬಿಸಿ ವಿಷದ ಜೀನನ್ನು ಹೆಚ್ಚು ಕೆಲಸಕ್ಕೆ ಹಚ್ಚುತ್ತದೆಂದು ಪ್ರಯೋಗಾಲಯದಲ್ಲಿ ಗೊತ್ತಾಯಿತು.

ಔಷಧವೊಂದೇ ಸಾಲದು ಎಂಬುದನ್ನು ಬ್ರಿಟನ್ನಿನ ರೆಡಿಂಗ್ ಬಳಿಯ ಹೈನು ಸಂಶೋಧನಾ ಸಂಸ್ಥೆಯವರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಪ್ರತಿ ಸಲ ಕರೆದಾದ ಮೇಲೆ ಮೊಲೆಗಳನ್ನು ರೋಗಾಣುನಾಶಕ ದ್ರಾವಣದಲ್ಲಿ ಅದ್ದುವುದು, ಬಾವನ್ನು ಕೂಡಲೇ ಗುರುತಿಸಿ ಪೂರ್ತಿ ಚಿಕಿತ್ಸೆ ಕೊಡುವುದು, ಕರು ಹಾಕುವ ಮೊದಲು ಹಾಲು ನಿಲ್ಲಿಸುವಾಗ ಎಲ್ಲ ಮೊಲೆಗಳಿಗೂ ಔಷಧ ಹಾಕುವುದು, ಕರೆಯುವ ಯಂತ್ರವನ್ನು ಸುಸ್ಥಿತಿಯಲ್ಲಿಡುವುದು, ವಾಸಿಯಾಗದ ಹಸುವನ್ನು ಹಿಂಡಿನಿಂದ ತೆಗೆಯುವುದು. ಈ ಐದು ಸೇರಿದ ಮೇಲೆ ಅಲ್ಲಿ ಅಗಲಾಕ್ಟಿಯೆ ಅಪರೂಪವಾಯಿತು. ಡೆನ್ಮಾರ್ಕಿನಲ್ಲೂ 1950ರ ದಶಕದಿಂದ ಹಿಂಡು ಹಿಂಡನ್ನೇ ಪರೀಕ್ಷಿಸುತ್ತ ಬಂದು ಅದನ್ನು ಬಹಳ ಕೆಳಕ್ಕೆ ತಂದಿದ್ದರು. ಆದರೆ 2000ದ ನಂತರ ಅದು ಅಲ್ಲಿ ಮತ್ತೆ ಏರತೊಡಗಿತು. ಜೀನ್‌ಗಳನ್ನು ಓದಿ ನೋಡಿದರೆ ಹೊಸದಾಗಿ ಸಿಕ್ಕ ತಳಿಗಳಲ್ಲಿ ಕೆಲವು ಮನುಷ್ಯರಲ್ಲಿ ಬದುಕುವ ಬಗೆಗಳು. ಗೋಡೆಯನ್ನು ಈ ಸಲ ಹಾರಿದ್ದು ಮನುಷ್ಯನ ಕಡೆಯಿಂದ ಇರಬಹುದು.

ನಮ್ಮ ಒಂದೆರಡು ಹಸುಗಳ ಕೊಟ್ಟಿಗೆಗೆ ಆ ಐದರಲ್ಲಿ ಎಲ್ಲವೂ ಒಗ್ಗುವುದಿಲ್ಲ; ಇರುವ ಒಂದೇ ಹಸುವನ್ನು ಹಿಂಡಿನಿಂದ ತೆಗೆಯುವುದೆಂದರೇನು? ಆದರೆ ಕೈಯನ್ನೂ ಕೆಚ್ಚಲನ್ನೂ ತೊಳೆದು, ಒಂದೊಂದು ಹಸುವಿಗೆ ಒಂದೊಂದು ಬಟ್ಟೆಯಿಂದ ಒರೆಸುವುದಕ್ಕೆ ಖರ್ಚಿಲ್ಲ. ಮೊದಲ ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ಹೆಪ್ಪು ಇದೆಯೇ ಎಂದು ನೋಡುವುದಕ್ಕೂ ಇಲ್ಲ. ಬಾವಿರುವ ಹಸುವನ್ನು ಕೊನೆಗೆ ಕರೆಯುವುದಕ್ಕೂ ಇಲ್ಲ. ಮೊಲೆ ಅದ್ದುವ ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ಒಂದಷ್ಟು ಹಣ ಬೇಕು. ಅದನ್ನು ಎಷ್ಟು ತೆಳುಮಾಡಬೇಕೆಂದು ಪಶುವೈದ್ಯರು ಹೇಳಿಕೊಡುತ್ತಾರೆ.

ಕಷ್ಟವಾಗುವುದು ಚಿಕಿತ್ಸೆಯ ದಿನಗಳು. ಔಷಧ ಹಾಕಿದ ಹಸುವಿನ ಹಾಲನ್ನು, ಔಷಧದ ಪೊಟ್ಟಣದ ಮೇಲೆ ಬರೆದಷ್ಟು ದಿನ, ನಾಲ್ಕೂ ಮೊಲೆಗಳದ್ದನ್ನು, ಡೇರಿಗೆ ಹಾಕುವಂತಿಲ್ಲ. ಪ್ರತಿದಿನ ಹಾಲು ಚೆಲ್ಲುವುದನ್ನು ನೋಡುವುದು ಯಾವ ರೈತನಿಗೂ ಹಿತವಲ್ಲ. ಕ್ಯಾನಿನಲ್ಲಿ ಬೆರೆತರೆ ಯಾರಿಗೆ ಗೊತ್ತಾದೀತು ಎಂದು ಅನ್ನಿಸುವುದೂ ಸಹಜ. ಗೊತ್ತಾಗುತ್ತದೆ. ಮೊಸರು ತಯಾರಿಸುವ ಸೂಕ್ಷ್ಮಜೀವಿಗಳಲ್ಲಿ ಒಂದರ ಹೆಸರು ‘ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್’. ಹೌದು, ಇದೇ ಕುಲದ ಸಾಧು ಸದಸ್ಯ, ಇದೂ ಮಣಿಸರವೇ. ಕೆಚ್ಚಲಿನ ದಾಯಾದಿಯನ್ನು ಕೊಲ್ಲುವ ಪೆನಿಸಿಲಿನ್ ಇದನ್ನೂ ಬಿಡುವುದಿಲ್ಲ. ಔಷಧ ಬೆರೆತ ಹಾಲಿಗೆ ರಾತ್ರಿ ಹೆಪ್ಪು ಹಾಕಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದರೆ ಅದು ಹಾಲಾಗಿಯೇ ಇರುತ್ತದೆ.